ರ‍್ಯಾಂಪಿಗೆ ಫ್ಯಾನ್ ಹಾಕಿದ ಗುಬ್ಬಿ

"ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ" ಎನ್ನುತ್ತ ಬಡಗಿ ತಾತ ಗರಗಸದ ಹಲ್ಲುಗಳನ್ನು ಒಂದೊಂದಾಗಿ ಕೂದಲೆಳೆಯಷ್ಟು ಬಗ್ಗಿಸುತ್ತಿದ್ದ. ಗುಬ್ಬಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಇದಕ್ಕೆ ಸೆಟ್ ಮಾಡೋದು ಅಂತಾರೆ, ಇಲ್ಲದಿದ್ದರೆ ಗರಗಸ ಮರದೊಳಗೇ ಸಿಕ್ಕಿಕೊಂಡು ಕೂರುತ್ತದೆ ಎಂದು ತಾತ ಹೇಳಿದ.

ಗುಬ್ಬಿ ನೋಟ್‌ಬುಕ್ಕಿನಲ್ಲಿ 'ನಾಲ್ಕು' ಎಂದು ಹಾಕಿ ಬರೆದುಕೊಂಡಳು. ಐದನೇ ಕ್ಲಾಸಿನ ಇಂಗ್ಲಿಷ್ ಮಿಸ್ ಒಬ್ಬೊಬ್ಬರಿಗೆ ಒಂದೊಂದು ಪದ ಕೊಟ್ಟಿದ್ದರು. ಡಿಕ್ಷನರಿ ಮುಟ್ಟುವ ಹಾಗಿಲ್ಲ, ಕೆಲಸ ಮಾಡುವವರನ್ನು ನೋಡಿಯೇ ಐದು ಅರ್ಥ ತರಬೇಕು. ಗುಬ್ಬಿಗೆ ಸಿಕ್ಕಿದ್ದು 'ಸೆಟ್'. ಇಂಗ್ಲಿಷಿನಲ್ಲಿ ಮೂರೇ ಅಕ್ಷರ ಎಂದು ಮೊದಲು ಖುಷಿಪಟ್ಟಿದ್ದಳು. ಈಗ ನೋಡಿದರೆ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಪಾತ್ರೆ ಅಂಗಡಿಯಲ್ಲಿ ಸೆಟ್ ಎಂದರೆ ಒಂದೇ ಥರದ ಆರು ಲೋಟ. ವಾಚ್ ರಿಪೇರಿ ಮಾಮ ಸೆಟ್ ಮಾಡಿದರೆ ಮುಳ್ಳುಗಳು ಸರಿಯಾದ ಗಂಟೆಗೆ ಬಂದು ನಿಲ್ಲುತ್ತವೆ. ಅಜ್ಜಿ ಬಿದ್ದಾಗ ಡಾಕ್ಟರು ಮುರಿದ ಕಾಲಿನ ಮೂಳೆಯನ್ನು ಸೆಟ್ ಮಾಡಿ ಪ್ಲಾಸ್ಟರ್ ಹಾಕಿದ್ದರು.

ಅಜ್ಜಿ ಮನೆಯಿಂದ ಹೊರಗೆ ಕಾಲಿಡದೆ ತಿಂಗಳಾಗಿತ್ತು. ವೀಲ್‌ಚೇರೇನೋ ಬಂದಿತ್ತು, ಆದರೆ ಬಾಗಿಲ ಮುಂದೆ ಮೂರು ಮೆಟ್ಟಿಲಿದ್ದವು. ಗಾರೆ ಕೆಲಸದ ಅಪ್ಪ ಈ ಭಾನುವಾರ ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಕಾಂಕ್ರೀಟ್ ಸುರಿದು ಇಳಿಜಾರಿನ ರ‍್ಯಾಂಪ್ ಮಾಡಿದ್ದ.

ಗುಬ್ಬಿ ಮನೆಗೆ ಬಂದಾಗ ಅಪ್ಪ ರ‍್ಯಾಂಪಿನ ಮೇಲೆ ಒದ್ದೆ ಗೋಣಿಚೀಲ ಹಾಸುತ್ತಿದ್ದ. ಸೆಟ್ ಆಗಬೇಕು, ಚೀಲ ಒಣಗದ ಹಾಗೆ ನೀರು ಹಾಕ್ತಾ ಇರು, ಎಂಟು ದಿನ ಆದಮೇಲೆ ಅಜ್ಜಿಯನ್ನು ಇಳಿಸೋಣ ಎಂದು ಹೇಳಿ ಕೆಲಸಕ್ಕೆ ಹೊರಟ.

ಎಂಟು ದಿನವೇ? ಅಜ್ಜಿ ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ಕೂತಿದ್ದಳು. ಒದ್ದೆ ಚೀಲ ಹೊದಿಸಿದರೆ ಇದು ಯಾವ ಕಾಲಕ್ಕೆ ಒಣಗೀತು? ಒಣಹಾಕಿದ ಬಟ್ಟೆಗೆ ಯಾರಾದರೂ ನೀರು ಹಾಕುತ್ತಾರೆಯೇ? ಗುಬ್ಬಿ ಚೀಲಗಳನ್ನೆಲ್ಲ ತೆಗೆದಳು. ಒಳಗಿನಿಂದ ಟೇಬಲ್ ಫ್ಯಾನ್ ತಂದು ಬಾಗಿಲಲ್ಲಿಟ್ಟು, ರ‍್ಯಾಂಪಿನತ್ತ ತಿರುಗಿಸಿ, ಫುಲ್ ಸ್ಪೀಡಿನಲ್ಲಿ ಹಾಕಿದಳು.

"ನಾನಿಲ್ಲಿ ಬೆವರ್ತಾ ಇದೀನಿ, ನೀನು ಕಲ್ಲಿಗೆ ಗಾಳಿ ಹಾಕ್ತಾ ಇದೀಯಲ್ಲೇ" ಎಂದಳು ಅಜ್ಜಿ.

"ನಿಂಗೋಸ್ಕರಾನೇ ಅಜ್ಜಿ, ಸುಮ್ನಿರು."

ಸಂಜೆ ಅಪ್ಪ ಬಂದವನೇ ಗಕ್ಕನೆ ನಿಂತ. ಬೈಯಲಿಲ್ಲ. ಫ್ಯಾನ್ ಆರಿಸಿ, ಮೊಣಕಾಲೂರಿ, ರ‍್ಯಾಂಪಿನ ಉದ್ದಕ್ಕೂ ಬೆರಳಾಡಿಸಿದ. ನೀರಿಲ್ಲದೆ ಬಿರುಕು ಬಿಟ್ಟಿದ್ದರೆ ಒಡೆದು ಮತ್ತೆ ಹಾಕಬೇಕು ಎಂದ. ಹಾಗಾದರೆ ಅಜ್ಜಿ ಇನ್ನೂ ಎಷ್ಟು ದಿನ ಒಳಗೇ ಇರಬೇಕೋ! ಗುಬ್ಬಿ ತೆಗೆದಿಟ್ಟ ಚೀಲಗಳನ್ನು ಎತ್ತಿಕೊಂಡು ಬಂದಳು.

ಅಂಚಿನಲ್ಲಿ ಸಣ್ಣದೊಂದು ಗೆರೆ ಕಂಡಿತು. ಅಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿದ. ಸದ್ಯಕ್ಕೆ ಮೇಲೆ ಮೇಲೆ ಇದೆ, ಬೆಳೆಯದಿದ್ದರೆ ಬಚಾವು ಎಂದ. ಆಮೇಲೆ ಗುಬ್ಬಿಯ ಅಂಗೈ ಹಿಡಿದು ರ‍್ಯಾಂಪಿನ ಮೇಲಿಟ್ಟ.

ಅದು ಬೆಚ್ಚಗಿತ್ತು. ಅಲ್ಲಿ ಇಡೀ ದಿನ ಒಂದು ಚೂರೂ ಬಿಸಿಲು ಬಿದ್ದಿರಲಿಲ್ಲ.

"ಇದಕ್ಕೆ ಜ್ವರ ಬಂದಿದೆಯಾ ಅಪ್ಪಾ?"

"ಕೆಲಸ ಮಾಡ್ತಾ ಇದೆ ಮಗಳೇ. ಸಿಮೆಂಟು ಒಣಗಿ ಗಟ್ಟಿ ಆಗಲ್ಲ, ನೀರು ಕುಡಿದು ಕಲ್ಲಾಗುತ್ತೆ. ಹೊಳೆ ಒಳಗೆ ಸೇತುವೆ ಕಂಬ ಹಾಕ್ತೀವಲ್ಲ, ಅದು ನೀರಲ್ಲೇ ಗಟ್ಟಿ ಆಗುತ್ತೆ. ನಾವು ಸರಿಯಾಗಿ ಕೂರಿಸಿ, ಕಾಯಬೇಕು ಅಷ್ಟೆ. ಮುಂದಿನದು ಅದರ ಕೆಲಸ."

ಗುಬ್ಬಿಯ ಮೈ ಜುಮ್ಮೆಂದಿತು. ನಿನ್ನೆ ಚೀಲದಲ್ಲಿದ್ದ ಬೂದು ಪುಡಿ ಅವಳ ಕೈ ಕೆಳಗೇ, ಸದ್ದಿಲ್ಲದೆ, ಕಲ್ಲಾಗುತ್ತಿತ್ತು. ಅಂಗೈ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಅವಳು ಸಿಮೆಂಟು ಸೆಟ್ ಆಗುವ ಐದನೆಯ ಅರ್ಥ ಹೇಳಿ ಮುಗಿಸಿದಾಗ ಗೋಡೆ ಪಕ್ಕ ಕೂತವರು ಮೆಲ್ಲಗೆ ಗೋಡೆಗೆ ಅಂಗೈ ಒತ್ತಿ ನೋಡಿದರು. ಮಿಸ್ ಕೂಡ ನೋಡಿದರು.

ಗುಬ್ಬಿ ಶಾಲೆಗೆ ಹೋಗುವ ಮುಂಚೆ, ಬಂದಮೇಲೆ, ಮಲಗುವ ಮುಂಚೆ ಚೀಲಗಳಿಗೆ ನೀರು ಹಾಕಿದಳು. ದಿನವೂ ಆ ಗೆರೆಯನ್ನು ಬೆರಳಿನಿಂದ ಅಳೆದಳು. ಅದು ಬೆಳೆಯಲಿಲ್ಲ.

ಎಂಟು ದಿನ ಕಳೆದಮೇಲೆ ಅಪ್ಪ ವೀಲ್‌ಚೇರಿನ ಹಿಂದೆ ನಿಂತ. ಅಜ್ಜಿ ಎರಡೂ ಕೈಯಲ್ಲಿ ಚೇರನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಭಾರ ತಡ್ಕೊಳ್ಳುತ್ತೇನೇ ಇದು?"

"ತಡ್ಕೊಳ್ಳುತ್ತೆ ಅಜ್ಜಿ. ಒಳಗೆ ಇನ್ನೂ ಗಟ್ಟಿ ಆಗ್ತಾನೇ ಇದೆ."

ಚಕ್ರ ಉರುಳಿತು. ಬೀದಿಯ ಬಿಸಿಲು ಮೊದಲು ಅಜ್ಜಿಯ ಪ್ಲಾಸ್ಟರ್ ಕಾಲಿನ ಮೇಲೆ ಬಿತ್ತು, ಆಮೇಲೆ ಮುಖದ ಮೇಲೆ. ಅಜ್ಜಿ ಕಣ್ಣು ಮುಚ್ಚಿದಳು. ಗುಬ್ಬಿ ಬಗ್ಗಿ, ಆ ಬಿಳಿ ಪ್ಲಾಸ್ಟರಿನ ಮೇಲೆ ತನ್ನ ಅಂಗೈಯನ್ನು ಮೆತ್ತಗೆ ಇಟ್ಟು, ಅದೂ ಬೆಚ್ಚಗಿದೆಯೇ ಎಂದು ನೋಡಿದಳು.