ನಿದ್ದೆಗಣ್ಣಿನ ಹೂಂ

“ಸುಹಾನಿ ಅಂತಂತಲ್ಲೇ ಹೆಸರು! ನಮ್ಗೆ ಒಂದು ಮಾತು ಹೇಳ್ಲಿಲ್ಲ ನೋಡು ನೀನು,” ಎಂದಳು ದಿನಾ ಮಗುವಿಗೆ ನೀರು ಹಾಕಲು ಬರುವ ಮಾಸ್ತಮ್ಮ, ಚಾಚಿದ ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿ ಬೆನ್ನಿಗೆ ಬಿಸಿನೀರು ಹೊಯ್ಯುತ್ತಾ.

ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ಅಮೂಲ್ಯಳಿಗೆ ಅದು ಯಾರ ಮಗುವಿನ ಸುದ್ದಿ ಎಂದು ಹೊಳೆಯಲಿಲ್ಲ. ಎರಡೂವರೆ ತಿಂಗಳಿಂದ ಒಂದೇ ಸಲಕ್ಕೆ ಮೂರು ಗಂಟೆ ಮಲಗಿ ಗೊತ್ತಿಲ್ಲದವಳು ಅವಳು. ಯಾರು ಏನಂದರೂ ಅದು ಪಕ್ಕದ ಮನೆಯಿಂದ ಕೇಳಿದ ಹಾಗೆ ಕೇಳುತ್ತಿತ್ತು.

“ಯಾರ ಹೆಸರು?”

“ಯಾರ್ದು ಅಂತೀಯಲ್ಲ ಮಾರಾಯ್ತಿ! ಇವಳದೇ. ನಿಮ್ಮಮ್ಮನ ಫೋನಿಗೆ ಬಂದಿದೆ, ಹೋಗಿ ನೋಡು. ನಿನ್ ನಾದಿನಿ ಕಳಿಸಿದಾಳೆ. ಬಲೂನು, ನವಿಲುಗರಿ, ಎಲ್ಲಾ ಹಾಕ್ಸಿದಾಳೆ.”

ಅಮ್ಮ ಸುಭದ್ರಮ್ಮನ ಫೋನಿನಲ್ಲಿ ಗುಲಾಬಿ ಬಣ್ಣದ ಕಾರ್ಡು ಮಿನುಗುತ್ತಿತ್ತು. ನಾಳೆ ಭಾನುವಾರ, ಭದ್ರಾವತಿ ಹಳೇನಗರದ ಈ ಮನೆಯಲ್ಲೇ ನಾಮಕರಣ. ನಡುವೆ ಹೊಳೆಯುವ ಅಕ್ಷರದಲ್ಲಿ ‘ಸುಹಾನಿ’. ಕೆಳಗೆ, ಸೋದರತ್ತೆ ವೇದಾ.

ಅಮೂಲ್ಯ ನಾದಿನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮಿಕ್ಸಿ ಸದ್ದಿನ ಜೊತೆ ವೇದಾಳ ಉತ್ಸಾಹ ಹರಿದುಬಂತು.

“ಚೆನ್ನಾಗಿದೆ ಅಲ್ವೇನೆ? ಜೋಯಿಸರು ‘ಸು’ ಅಕ್ಷರ ಕೊಟ್ರಲ್ಲ, ಒಂದು ವಾರ ಹುಡುಕಿದೀನಿ ಕಣೆ. ಕೇಕಿಗೂ ಹೇಳಿದೀನಿ.”

“ಅಕ್ಕಾ, ಇವರನ್ನ ಕೇಳಿದ್ರಾ?”

“ಕೇಳ್ದೆ ಮಾಡ್ತೀನಾ? ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದೆ. ಸುಹಾನಿ ಅಂತ ಇಡೋಣ್ವೇನೋ ಅಂದೆ. ಹೂಂ ಅಂದ.”

ಅಮೂಲ್ಯ ಫೋನ್ ಕೆಳಗಿಟ್ಟಳು. ಹೂಂ ಅಂದ.

*

ಬಸುರಿಯಾಗಿದ್ದಾಗ ಗೋಪಾಳದ ಬಾಡಿಗೆ ಮನೆಯಲ್ಲಿ ಅವಳೂ ಗಂಡ ಮಧುವೂ ಹಳೆಯ ಡೈರಿಯೊಂದರಲ್ಲಿ ಹೆಸರು ಬರೆಯುತ್ತಿದ್ದರು. ಹೆಣ್ಣುಮಗುವಿನ ಹೆಸರು ಮಾತ್ರ ಎಂದು ಮಧು. ಗಂಡಾದರೆ ನಿಮ್ಮಕ್ಕ ನೋಡಿಕೊಳ್ಳಲಿ ಎಂದು ಅಮೂಲ್ಯ. ಶರತ್ತುಗಳು ಮೂರು. ಮಣ್ಣು, ನೀರು, ಗಿಡ, ಗಾಳಿ, ಇವುಗಳಿಂದಲೇ ಹೆಸರು ಬರಬೇಕು. ಶಾಲೆಯ ಹಾಜರಿಯಲ್ಲಿ ಅದೇ ಹೆಸರಿನ ಇನ್ನೂ ನಾಲ್ವರು ಎದ್ದು ನಿಲ್ಲಬಾರದು. ಮೂರನೆಯದು ಮಧುವಿನದು: ಕೂಗಿದರೆ ಕೇಳಬೇಕು.

ಅವನು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಎರಕದ ಸಾಮಾನುಗಳ ಅಂಚು ಉಜ್ಜಿ ನಯ ಮಾಡುವ ವಿಭಾಗದ ಸೂಪರ್‌ವೈಸರ್. ಹತ್ತು ಗ್ರೈಂಡರುಗಳು ಒಟ್ಟಿಗೆ ಕಿರುಚುವ ಜಾಗ. ಅಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ.

“ನನಗೆ ಐವತ್ತಾಗೋ ಹೊತ್ತಿಗೆ ಅರ್ಧ ಕಿವುಡ ಆಗಿರ್ತೀನಿ ಕಣೆ,” ಎನ್ನುತ್ತಿದ್ದ. “ಆಗ ನೀನು ಅಡುಗೆಮನೇಲಿ ನಿಂತು ಮಗಳನ್ನ ಕರೆದ್ರೆ ಜಗಲೀಲಿ ಕೂತಿರೋ ನನಗೂ ಕೇಳ್ಬೇಕು. ಇಲ್ದಿದ್ರೆ ಮನೇಲಿ ಏನು ನಡೀತಿದೆ ಅಂತಾನೇ ನನಗೆ ಗೊತ್ತಾಗಲ್ಲ.”

ಹಾಗಾಗಿ ಮಧ್ಯಾಹ್ನ ಊಟಕ್ಕೆ ಮುಂಚೆ ಅವನು ಫೌಂಡ್ರಿಯಿಂದ ಫೋನ್ ಮಾಡುವುದು, ಇವಳು ತಾರಸಿಯಲ್ಲಿ ನಿಂತು ಕೂಗುವುದು. ‘ಇಬ್ಬನಿ’ ಗ್ರೈಂಡರಿನಡಿ ಕರಗಿಹೋಯಿತು. ‘ತಂಗಾಳಿ’ಗೆ ಮಧುವೇ ನಕ್ಕುಬಿಟ್ಟ: “ಫ್ಯಾನ್ ಕಂಪನಿ ಹೆಸರಿದ್ದಂಗಿದೆ.” ‘ಕೇದಗೆ’ ಎಂದು ಕೂಗಿದಾಗ ಎದುರುಮನೆಯವರು ಹೊರಗೆ ಬಂದು, “ಹೂವಿನವನು ಬಂದ್ನೇನಮ್ಮ?” ಎಂದು ಕೇಳಿದ್ದರು.

ಏಳನೇ ತಿಂಗಳಲ್ಲಿ ಅಮೂಲ್ಯ ಬೀರುವಿನ ಸೀರೆಗಳನ್ನು ಜೋಡಿಸುತ್ತಿದ್ದಾಗ ಮಡಿಕೆಯೊಳಗಿಂದ ಒಂದು ಒಣಗಿದ ದಂಡೆ ಬಿತ್ತು. ನಿಶ್ಚಿತಾರ್ಥವಾಗಿ ಒಂದು ವಾರಕ್ಕೆ ಮಧು ಗಾಂಧಿ ಬಜಾರಿನಿಂದ ತಂದುಕೊಟ್ಟಿದ್ದ ಸುರಗಿ. “ಒಣಗಿರೋ ಹೂ ತಂದ ಅಂತ ಬೈಬೇಡ್ರೀ,” ಎಂದು ಆಗಿನ್ನೂ ಬಹುವಚನದಲ್ಲಿ ತಡವರಿಸಿದ್ದ, “ಒಣಗಿದ ಮೇಲೂ ಇದರ ವಾಸನೆ ಹೋಗಲ್ಲ.” ನಾಲ್ಕು ವರ್ಷವಾಗಿತ್ತು. ಮೂಗಿಗೆ ಹಿಡಿದಳು. ಹೋಗಿರಲಿಲ್ಲ.

ಅಂದು ತಾರಸಿಗೆ ಹೋಗಿ ಕೂಗಿದಳು: “ಸುರಗೀ...”

ಆ ಕಡೆ ಗ್ರೈಂಡರ್ ಸದ್ದು. ಆಮೇಲೆ ಮಧುವಿನ ನಗು. “ಇನ್ನೊಂದ್ಸಲ ಕರಿ.”

“ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು. ಅದಕ್ಕೇ.”

ಡೈರಿಯ ಆ ದಿನದ ಪುಟದಲ್ಲಿ ಅವನ ಕೈಬರಹದಲ್ಲಿ ಆ ಒಂದೇ ಹೆಸರಿತ್ತು. ಮಗು ಹುಟ್ಟಿದ ಮೇಲೆ ಜೋಯಿಸರು ‘ಸು’ ಎಂದಾಗ ಇಬ್ಬರೂ ಆಸ್ಪತ್ರೆಯ ಕಾರಿಡಾರಿನಲ್ಲಿ ಮುಖ ಮುಖ ನೋಡಿಕೊಂಡು ಕಳ್ಳರ ಹಾಗೆ ನಕ್ಕಿದ್ದರು.

ಬಾಣಂತನಕ್ಕೆ ಅಮೂಲ್ಯ ಭದ್ರಾವತಿಯ ತವರಿಗೆ ಬಂದಳು. ಫೌಂಡ್ರಿಯಲ್ಲಿ ಇನ್ನೊಬ್ಬ ಸೂಪರ್‌ವೈಸರ್ ಕೆಲಸ ಬಿಟ್ಟ. ಮಧುವಿಗೆ ಎರಡೆರಡು ಶಿಫ್ಟು ಬಿತ್ತು. ಅರ್ಧ ಗಂಟೆಯ ಬಸ್ಸಿನ ದಾರಿ ವಾರಕ್ಕೊಮ್ಮೆಯ ದಾರಿಯಾಯಿತು. ಫೋನಿನಲ್ಲಿ ಇವಳು ಮಾತಾಡುವುದು, ಅವನು ಹೂಂ ಅನ್ನುವುದು. ಮಗು ಇವತ್ತು ನಕ್ಕಿತು. ಹೂಂ. ಇಂಜೆಕ್ಷನ್ ಕೊಡ್ಸಿದ್ವಿ. ಹೂಂ.

ಹೋದ ವಾರದ ಗುರುವಾರ, ಮಗುವಿಗೆ ಹಾಲು ಕುಡಿಸುತ್ತಾ, ಎಣ್ಣೆ ಜಿಡ್ಡಿನ ಕೂದಲು, ಕಣ್ಣ ಸುತ್ತಲಿನ ಕಪ್ಪು, ಎಲ್ಲವನ್ನೂ ಎದುರಿನ ಕನ್ನಡಿಯಲ್ಲಿ ನೋಡುತ್ತಾ ಅವಳು ಫೋನಿನಲ್ಲಿ ಕೇಳಿಬಿಟ್ಟಿದ್ದಳು: “ರೀ, ನಾನಂದ್ರೆ ನಿಮಗೆ ಇನ್ನೂ ಇಷ್ಟಾನಾ?”

“ಹೂಂ.”

ಆ ಒಂದು ಹೂಂ ಹಿಡಿದುಕೊಂಡು ಅವಳು ಒಂಬತ್ತು ದಿನ ಕಳೆದಿದ್ದಳು.

*

ಮಧು ಬಂದಾಗ ಮಧ್ಯಾಹ್ನ ಎರಡೂವರೆ. ಮೈಮೇಲೆ ಫೌಂಡ್ರಿಯ ನೀಲಿ ಶರ್ಟು, ಎಷ್ಟು ತೊಳೆದರೂ ಹುಬ್ಬಿನಲ್ಲಿ ಉಳಿಯುವ ಕಬ್ಬಿಣದ ಪುಡಿ. ಅತ್ತೆ ಬಡಿಸಿದ್ದನ್ನು ಏನೆಂದು ನೋಡದೆ ಉಂಡ. ಕೋಣೆಗೆ ಬಂದು ತೊಟ್ಟಿಲ ಪಕ್ಕ ಗೋಡೆಗೆ ಒರಗಿ ಕುಳಿತು, ಮಗಳ ಮುಷ್ಟಿಯೊಳಗೆ ತನ್ನ ಕಿರುಬೆರಳು ತೂರಿಸಿ, “ಬೆಳೆದಿದಾಳಲ್ಲೇ!” ಎಂದ. ಹಗ್ಗ ಹಿಡಿದು ತೂಗತೊಡಗಿದ.

ಅಮೂಲ್ಯ ಬಟ್ಟೆ ಮಡಚುತ್ತಾ ಮಾತು ಹೇಗೆ ತೆಗೆಯುವುದೆಂದು ನೋಡುತ್ತಿದ್ದಳು. ತಿರುಗಿದರೆ ಅವನ ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೈ ಮಾತ್ರ ಲೆಕ್ಕ ತಪ್ಪದೆ ಹಗ್ಗ ಎಳೆಯುತ್ತಲೇ ಇತ್ತು.

ಮೊದಲು ಅವಳಿಗೆ ನಗು ಬಂತು.

“ಊಟ ಆಯ್ತಾ?” ಎಂದು ಮೆಲ್ಲಗೆ ಕೇಳಿದಳು.

“ಹೂಂ.”

“ಮಗೂಗೆ ಕುಂಬಳಕಾಯಿ ಅಂತ ಹೆಸರಿಡೋಣ್ವಾ?”

“ಹೂಂ.”

“ನಾನು ನಾಳೆಯಿಂದ ಫೌಂಡ್ರಿಗೆ ಹೋಗ್ತೀನಿ, ನೀವು ಹಾಲು ಕುಡಿಸ್ತೀರಾ?”

“ಹೂಂ.”

ನಗು ಅಲ್ಲಿಗೆ ನಿಂತಿತು. ಅವಳು ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ನಾನು ಇನ್ನು ಗೋಪಾಳಕ್ಕೆ ಬರಲ್ಲ. ಇಲ್ಲೇ ಇದ್ದುಬಿಡ್ತೀನಿ. ಆಗ್ಬೋದಾ?”

“ಹೂಂ.”

ಹಗ್ಗ ಅದೇ ಹದದಲ್ಲಿ ಬಂತು, ಹೋಯಿತು.

ಮಧುವಿಗೆ ಎಚ್ಚರವಾದದ್ದು ಅವಳು ಮೂಗು ಏರಿಸಿದ ಸದ್ದಿಗೆ. “ಏನಾಯ್ತೇ? ಮಗು?”

“ಮಗೂಗೇನಾಗಿಲ್ಲ. ಅದರ ಹೆಸರು ಸುಹಾನಿ ಆಗಿದೆ ಅಷ್ಟೆ.”

ಅವಳು ಫೋನ್ ತೋರಿಸಿದಳು. ಅವನು ಕಾರ್ಡನ್ನು ಹತ್ತಿರ ಹಿಡಿದ, ದೂರ ಹಿಡಿದ. ಮುಖ ನಿಧಾನವಾಗಿ ಇಳಿಯಿತು.

“ನಾನು ಯಾವಾಗ...”

“ಮಂಗಳವಾರ ಬೆಳಿಗ್ಗೆ. ಹೂಂ ಅಂದ್ರಂತೆ.”

“ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ. ಅಕ್ಕ ಫೋನ್ ಮಾಡಿದ್ದೂ ನೆನಪಿಲ್ಲ ನನಗೆ.”

“ಗುರುವಾರ ನಾನು ಮಾಡಿದ್ದು?”

“ಯಾವ ಗುರುವಾರ?”

“ಹೋದ ವಾರದ್ದು. ಒಂದು ಮಾತು ಕೇಳಿದ್ದೆ ನಿಮ್ಮನ್ನ. ಏನು ಕೇಳಿದೆ, ಹೇಳಿ.”

ಸುಳ್ಳು ಹೇಳಲು ಅವನಿಗೆ ಸಾಕಷ್ಟು ಸಮಯವಿತ್ತು. ಕಿಟಕಿಯ ಕಡೆ ನೋಡಿದ, ಮಗಳ ಕಡೆ ನೋಡಿದ. “ಗೊತ್ತಿಲ್ಲ ಕಣೆ,” ಎಂದ.

ಅವಳು ತಲೆಯಾಡಿಸಿದಳು. “ನಾನಂದ್ರೆ ಇನ್ನೂ ಇಷ್ಟಾನಾ ಅಂತ ಕೇಳಿದ್ದೆ.”

“ಅಮೂಲ್ಯ...”

“ಅದಕ್ಕೂ ಹೂಂ ಅಂದ್ರಿ. ಕುಂಬಳಕಾಯಿಗೂ ಅಂದ್ರಿ ಈಗ.”

“ಈಗ ಕೇಳು. ಎದ್ದಿದೀನಿ. ಈಗ ಕೇಳು.”

“ಕೇಳಲ್ಲ. ಕೇಳಿ ಕೇಳಿ ಇಸ್ಕೊಳ್ಳೋದಲ್ಲ ಅದು.” ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಿಮ್ಮನ್ನ ಬೈಯೋಕೂ ಮನಸ್ಸು ಬರಲ್ಲ. ನಿಮ್ಮ ಮುಖ ನೋಡಿದ್ರೆ ಪಾಪ ಅನ್ಸುತ್ತೆ. ನನ್ನ ಮುಖ ನೋಡ್ಕೊಂಡ್ರೂ ಪಾಪ ಅನ್ಸುತ್ತೆ. ಹೆಸರೊಂದೇ ಇತ್ತು ನೋಡಿ, ಇಬ್ಬರೂ ಎಚ್ಚರ ಇದ್ದಾಗ ಮಾಡಿದ್ದು.”

ಮಧು ಎದ್ದು ಹೋಗಿ ತಣ್ಣೀರಿನಲ್ಲಿ ಮುಖ ತೊಳೆದುಕೊಂಡು ಬಂದ. ಒರೆಸಿಕೊಳ್ಳಲಿಲ್ಲ. ಅವಳೆದುರೇ ಕುಳಿತು ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ತಲೆ ಬಾಚಿ ಶಾಲೆಗೆ ಕಳಿಸಿದ್ದು ವೇದಾ. ಅವಳಿಗೆ ಇವನು ಇದುವರೆಗೆ ಇಲ್ಲ ಎಂದದ್ದಿಲ್ಲ. ಅಮೂಲ್ಯಳಿಗೂ ಅದು ಗೊತ್ತಿತ್ತು.

“ಅಕ್ಕಾ, ಆ ಹೆಸರು ಬೇಡ.”

“ಏನಂದೆ?”

“ನಿದ್ದೇಲಿ ಹೂಂ ಅಂದಿದೀನಿ. ತಪ್ಪು ನಂದೇ. ನಾವಿಬ್ರೂ ಮುಂಚೇನೇ ಒಂದು ಇಟ್ಕೊಂಡಿದ್ವಿ. ಸುರಗಿ ಅಂತ.”

“ಸುರಗಿ? ಹೂವಿನ ಸುರಗಿ? ಯಾರೋ ಇಟ್ಟಿದಾರೆ ಆ ಹೆಸರು?”

“ಯಾರೂ ಇಟ್ಟಿಲ್ಲ. ಅದಕ್ಕೇ.”

“ನಾಳೆ ಕಾರ್ಯ ಇಟ್ಕೊಂಡು ಇವತ್ತು ಹೇಳ್ತೀಯಲ್ಲೋ! ಊರಿಗೆಲ್ಲ ಕಳಿಸಿದೀನಿ ಕಣೋ ಕಾರ್ಡು. ನನ್ನ ಮರ್ಯಾದೆ ಏನಾಗ್ಬೇಕು?” ವೇದಾಳ ದನಿ ನಡುಗಿತು. “ಹೆಂಡ್ತಿ ಹೇಳ್ಸಿದ್ಲಾ?”

“ಇಲ್ಲಕ್ಕ. ಅವಳು ಅಳ್ತಿದಾಳೆ ಅಷ್ಟೆ. ಹೇಳ್ತಿರೋದು ನಾನು.”

“ಕಿವೀಲಿ ಹೆಸರು ಹೇಳೋಳು ನಾನು. ನಾಳೆ ಬಂದು ನೋಡ್ತೀನಿ,” ಎಂದು ವೇದಾ ಫೋನಿಟ್ಟಳು.

*

ಮರುದಿನ ಮನೆ ತುಂಬಿತು. ಹಬೆಯಾಡುವ ಪಾಯಸ, ಹೊಸ ಸೀರೆಗಳ ಸರಬರ. ವೇದಾ ಕೇಕಿನ ಡಬ್ಬ ಹಿಡಿದು ಬಂದವಳು ಯಾರೊಂದಿಗೂ ಹೆಚ್ಚು ಮಾತಾಡದೆ ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಬಂದವರಲ್ಲಿ ಅರ್ಧ ಜನ ಆಗಲೇ ಮಗುವಿನ ಗಲ್ಲ ಹಿಡಿದು, “ಸುಹಾನಿ, ಸುಹಾನಿ” ಎನ್ನುತ್ತಿದ್ದರು. ಪ್ರತಿ ಸಲವೂ ಅಮೂಲ್ಯ ಮುಖ ತಗ್ಗಿಸುತ್ತಿದ್ದಳು.

ಮಗುವನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆ ಬಗ್ಗಿ ಅದರ ಕಿವಿಗೆ ಬಾಯಿಟ್ಟಳು. ಒಂದು ಸಲ, ಎರಡು ಸಲ, ಮೂರು ಸಲ. ಯಾರಿಗೂ ಕೇಳಲಿಲ್ಲ. ಪದ್ಧತಿಯಂತೆ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದಿದರು. ಮಾಸ್ತಮ್ಮನ ಗುದ್ದು ಸ್ವಲ್ಪ ಜೋರಾಗಿಯೇ ಬಿತ್ತು. “ಜೋರಾಗಿ ಹೇಳಮ್ಮ, ನಮ್ಗೂ ಕೇಳ್ಲಿ!”

ವೇದಾ ನೆಟ್ಟಗಾದಳು. ಸೆರಗು ಸರಿಮಾಡಿಕೊಂಡು ತಮ್ಮನ ಕಡೆ ತಿರುಗಿದಳು.

“ಅದೇನೋ ಕೂಗಿದ್ರೆ ಕೇಳೋ ಹೆಸರಂತಲ್ಲ. ಬೆಳಿಗ್ಗೆ ಅಷ್ಟುದ್ದ ಬರೆದು ಕಳಿಸಿದೀಯ, ಫೌಂಡ್ರಿ ಅಂತೆ, ತಾರಸಿ ಅಂತೆ. ಕೂಗು ನೋಡೋಣ. ಗೋಪಾಳಕ್ಕೆ ಕೇಳ್ಬೇಕು.”

ಮಧು ಅಮೂಲ್ಯಳ ಕಡೆ ನೋಡಿದ. ನಿದ್ದೆಯಿಲ್ಲದೆ ಕೆಂಪಾದ ಆ ಕಣ್ಣಲ್ಲಿ, ಹೂವಿನ ಪೊಟ್ಟಣ ಚಾಚಿ ತಡವರಿಸಿದ್ದ ಹುಡುಗ ಒಂದು ಕ್ಷಣ ಬಂದುಹೋದ. ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದ.

“ಸುರಗೀ...”

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಗು ಬೆಚ್ಚಿ, ಎರಡೂ ಕೈ ಮೇಲೆತ್ತಿ, ಅಳುವುದೋ ಬೇಡವೋ ಎಂದು ಯೋಚಿಸಿ, ಬಿಟ್ಟುಬಿಟ್ಟಿತು.

“ಅದೇ ನಾನೂ ಹೇಳಿದ್ದು ಅದರ ಕಿವೀಲಿ,” ಎಂದಳು ವೇದಾ. “ಕಾರ್ಡು ನೋಡಿ ಬಂದೋರೆಲ್ಲ ಕ್ಷಮಿಸ್ಬೇಕು. ನನ್ನ ತಮ್ಮ ನಿದ್ದೇಲಿರ್ತಾನೆ.”

ಕೇಕಿನ ಡಬ್ಬ ತೆರೆದಾಗ ‘ಸು’ ಬೇಕರಿಯವರ ಚೆಂದದ ಅಕ್ಷರದಲ್ಲೇ ಇತ್ತು. ಮುಂದಿನದನ್ನು ಒರೆಸಿ, ಕ್ರೀಮಿನ ಮೇಲೆ ಯಾರೋ ಬೆರಳಿನಿಂದ ‘ರಗಿ’ ಎಂದು ಅಂಕುಡೊಂಕಾಗಿ ಬರೆದಿದ್ದರು. ಅಮೂಲ್ಯ ನಾದಿನಿಯ ಕೈ ಹಿಡಿದುಕೊಂಡಳು. “ಬಿಡೇ ಸಾಕು,” ಎಂದಳು ವೇದಾ, ಬಿಡಿಸಿಕೊಳ್ಳದೆ.

*

ಎಲ್ಲರೂ ಉಂಡು ಹೋದ ಮೇಲೆ ಕೋಣೆಯಲ್ಲಿ ಮೂವರೇ ಉಳಿದರು. ಮಧು ನಿನ್ನೆ ಕುಳಿತ ಜಾಗದಲ್ಲೇ ಗೋಡೆಗೆ ಒರಗಿ ತೊಟ್ಟಿಲ ಹಗ್ಗ ಹಿಡಿದಿದ್ದ. ಅಮೂಲ್ಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಇಬ್ಬರಿಗೂ ಮೈಯ ಒಂದೊಂದು ಕೀಲೂ ಬೇರೆಬೇರೆಯಾಗಿ ನೋಯುತ್ತಿತ್ತು.

“ಗುರುವಾರ ಕೇಳಿದ್ದಕ್ಕೆ ಈಗ ಹೇಳ್ಲಾ?” ಎಂದ ಅವನು.

“ಕಣ್ಣು ಎಳ್ಕೊಂಡು ಹೋಗ್ತಿದೆ ನಿಮ್ದು.”

“ಅದಕ್ಕೇ. ಪೂರ್ತಿ ಹೋಗೋಕ್ ಮುಂಚೆ ಹೇಳ್ಬೇಕು.” ಅವನು ತಲೆ ಕೊಡವಿಕೊಂಡ. “ನಿನ್ನ ಬಾಚಣಿಗೆ ಇನ್ನೂ ಗೋಪಾಳದ ಮನೆ ಕಿಟಕೀಲೇ ಇದೆ ಕಣೆ. ಎರಡು ಕೂದಲು ಸಿಕ್ಕಿಕೊಂಡಿದೆ. ತೆಗೆದಿಲ್ಲ ನಾನು.”

“ಛೀ.”

“ಕೇಳು. ಶಿಫ್ಟ್ ಮುಗಿಸಿ ಹೋಗಿ ಬೀಗ ತೆಗೆದ ಕೂಡ್ಲೇ ಕೂಗ್ತೀನಿ, ಅಮೂಲ್ಯಾ ಅಂತ. ಇಲ್ಲ ಅಂತ ಗೊತ್ತು. ಬೀಗ ತೆಗೆದೋನು ನಾನೇ ತಾನೇ. ಆದ್ರೂ ದಿನಾ ಕೂಗ್ತೀನಿ.”

ಅವಳು ಅವನ ಕಡೆ ತಿರುಗಿದಳು. “ಆಮೇಲೆ?”

“ಆಮೇಲೇನು. ಹೂಂ ಅಂತ ನಾನೇ ಅನ್ಕೊಂಡು ಒಳಗೆ ಹೋಗಿ ಮಲಗ್ತೀನಿ.”

ಅಮೂಲ್ಯ ಅವನ ಹುಬ್ಬಿನ ಮೇಲಿನ ಕಬ್ಬಿಣದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಅದು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು.

“ಬರೋ ತಿಂಗಳು ನಾವಿಬ್ರೂ ಬಂದ್ಬಿಡ್ತೀವಿ,” ಎಂದಳು. “ಆಗ ನಾನೇ ಓಗೊಡ್ತೀನಿ. ಕೇಳಿಸ್ತಾ?”

ಅವನ ತಲೆ ಅವಳ ಹೆಗಲಿಗೆ ವಾಲಿತ್ತು; ಈ ಸಲ ಕೈಯೂ ನಿದ್ದೆ ಹೋಗಿತ್ತು. ಬೆರಳ ಸಂದಿನಿಂದ ಜಾರಿದ ಹಗ್ಗವನ್ನು ಅವಳು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹೆಗಲು ಅಲುಗದ ಹಾಗೆ, ತೊಟ್ಟಿಲು ತೂಗತೊಡಗಿದಳು.