ಮೇಜಿನ ಮೇಲೆ ಬಿಡದ ಪುಸ್ತಕಗಳು

ಗೋಕಾಕದಿಂದ ಹೊರಟು ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಎಂಜಿನಿಯರಿಂಗ್ ಕಾಲೇಜು ಸೇರಬೇಕು. ಲೈಬ್ರರಿಯನ್ ದಾಕ್ಷಾಯಿಣಿಗೆ ಹನ್ನೊಂದು ವರ್ಷಗಳಿಂದ ಇದೇ ಓಡಾಟ. ಮಧ್ಯಾಹ್ನದ ಹೊತ್ತಿಗೆ ಕಾಲು, ಕಣ್ಣು, ಮನಸ್ಸು ಎಲ್ಲವೂ ಸೋತುಹೋಗುತ್ತಿದ್ದವು. ನಾಲ್ಕು ಗಂಟೆಗೆ ಮಾತ್ರ ಯಾರಿಗೂ ಕಾಣದಂತೆ ಮುಂಗುರುಳು ಸರಿಮಾಡಿಕೊಳ್ಳುತ್ತಿದ್ದಳು. ವರ್ಕ್‌ಶಾಪಿನ ಶಿವಪುತ್ರ ಬರುವ ಹೊತ್ತದು.

ಮಸಗುಪ್ಪಿಯವನು, ನಲವತ್ತರ ಹತ್ತಿರ, ಮಾತು ಕಮ್ಮಿ. ಯಾರನ್ನೂ ಎಲ್ಲಿಗೂ ಒಯ್ಯಲಿಕ್ಕಲ್ಲ, ಹೀಗೂ ಹಾರಬಹುದೇ ಎಂದು ನೋಡಲಿಕ್ಕಷ್ಟೇ ಕಟ್ಟಿದ ಪ್ರಾಯೋಗಿಕ ವಿಮಾನಗಳ ಇತಿಹಾಸ ಲೈಬ್ರರಿಯಲ್ಲಿ ನಾಲ್ಕು ದಪ್ಪ ಸಂಪುಟಗಳಲ್ಲಿತ್ತು. ರೆಫರೆನ್ಸ್ ಪುಸ್ತಕ, ಮನೆಗೆ ಒಯ್ಯುವಂತಿಲ್ಲ. ಕಿಟಕಿಯ ಪಕ್ಕ ಕೂತು ಅವನ್ನೇ ಓದುತ್ತಿದ್ದ. ಪುಟ ತಿರುವುವಾಗೊಮ್ಮೆ ಕೌಂಟರಿನತ್ತ ನೋಡುತ್ತಿದ್ದ. ಅವಳು ನೋಡಿದರೆ ಯಾವುದೋ ರೆಕ್ಕೆಯ ನಕ್ಷೆಯಲ್ಲಿ ಮುಖ ಹುದುಗಿಸುತ್ತಿದ್ದ. ಮೂರು ವರ್ಷ ಇದೇ ಆಟ.

ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಬೇಕೆಂದು ಗೋಡೆಯ ಮೇಲೆ ಬೋರ್ಡಿದೆ. ಸಂಜೆ ದಾಕ್ಷಾಯಿಣಿ ಅವನ್ನು ಎಣಿಸಿ ಬರೆದು ಕಪಾಟಿಗಿಡುತ್ತಾಳೆ. ಶಿವಪುತ್ರ ಮಾತ್ರ ತಾನೇ ಒಳಗಿಟ್ಟು ಹೋಗುತ್ತಿದ್ದ. ತನ್ನ ಕೈ ಸೋಕುವುದೂ ಬೇಡವೇನೋ ಇವನಿಗೆ ಎಂದು ಅವಳು ನೊಂದುಕೊಂಡದ್ದೂ ಉಂಟು.

ಅಂದು ಗುಜರಿಗೆ ಹಾಕುವ ಪುಸ್ತಕಗಳ ಪಟ್ಟಿ ಬಂತು. ಮೂರು ವರ್ಷದಿಂದ ಎಣಿಕೆಗೆ ಬಾರದವೆಲ್ಲ ಅದರಲ್ಲಿದ್ದವು, ಶಿವಪುತ್ರ ತಾನೇ ಒಳಗಿಡುತ್ತಿದ್ದ ಆ ನಾಲ್ಕೂ ಸಂಪುಟಗಳು ಕೂಡ. ಅವು ಹೋದರೆ ಅವನು ಇಲ್ಲಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಐದು ಗಂಟೆಯೊಳಗೆ ಓದುಗನೊಬ್ಬ ಇವು ಬೇಕೆಂದು ಸಹಿ ಹಾಕಿದರೆ ಉಳಿದಾವು. ಮೊದಲ ಬಾರಿಗೆ ಕೌಂಟರ್ ಬಿಟ್ಟು ಅವನ ಬಳಿ ಹೋಗಿ ವಿಷಯ ಹೇಳಿದಳು.

"ಬೋರ್ಡ್ ಓದಿಲ್ಲೇನ್ರಿ ಸರ?"

"ಓದೇನ್ರಿ." ಅವನು ಪುಸ್ತಕದ ಅಂಚು ಸವರಿದ. "ದಿನಾ ದಣದ ಕುಂತಿರ್ತೀರಿ. ಇಷ್ಟ ವಜ್ಜಿ ಪುಸ್ತಕ ಮತ್ತ ನೀವ ಎತ್ತೂದು ಬ್ಯಾಡ ಅಂತ, ನಾನ ಇಡ್ತಿದ್ದೆ."

ಹನ್ನೊಂದು ವರ್ಷದಲ್ಲಿ ಅವಳ ದಣಿವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನೆಯವರಿಗೂ ಅದು ರೂಢಿಯಾಗಿತ್ತು. ಅವಳ ಕಣ್ಣು ತುಂಬಿತು. ಅದನ್ನು ಮರೆಮಾಡಲು, ಮೂರು ವರ್ಷವಾದರೂ ನಾಲ್ಕು ಪುಸ್ತಕ ಮುಗಿಯಲಿಲ್ಲವೇ ಎಂದು ಛೇಡಿಸಿದಳು.

"ಮುಗದು ಎರಡು ವರ್ಷ ಆತ್ರಿ," ಅಂದ. ಈ ಸಲ ಅವನು ನಕ್ಷೆಯಲ್ಲಿ ಮುಖ ಹುದುಗಿಸಲಿಲ್ಲ.

ಸಹಿ ಬಿತ್ತು. ಐದಕ್ಕೆ ಶಿವಪುತ್ರ ಅಭ್ಯಾಸದಂತೆ ನಾಲ್ಕೂ ಸಂಪುಟಗಳನ್ನು ಎದೆಗವಚಿಕೊಂಡು ಎದ್ದ. ಅವಳು ತಡೆದು ಮೇಜಿನ ಮೇಲೆ ಇಡಿಸಿದಳು, ಒಂದೊಂದಾಗಿ ಎಣಿಸಿ ರಿಜಿಸ್ಟರಿನಲ್ಲಿ ಬರೆದಳು.

"ಮತ್ತ ದಣೀತೀರಿ," ಅಂದ ಅವನು.

"ದಣೀತೀನಿ ಖರೆ." ಅವಳು ಎರಡನ್ನು ತಾನೆತ್ತಿಕೊಂಡು ಎರಡನ್ನು ಅವನ ಕೈಗಿಟ್ಟಳು. "ಇನ್ನ ಮ್ಯಾಲ ಇಬ್ಬರೂ ಕೂಡೇ ಇಡೂಣು, ಬರ್ರಿ."