ಮುಳುಗಿದೂರಿನ ಹೊರೆ

"ಮೂರನೇ ನಡುಗಡ್ಡಿಗೆ ಇಳೀಬ್ಯಾಡ್ರಿ," ಎಂದಳು ಗಾದೆಮ್ಮ. "ಇಳಿದ್ರೂ ಏನೂ ಮುಟ್ಟಬ್ಯಾಡ್ರಿ. ಮುಟ್ಟಿದ್ರೂ ಎತ್ತಬ್ಯಾಡ್ರಿ."

"ಉಸಿರಾಡಬಹುದೇನಬೇ?" ಎಂದು ಮೈಲಾರೇಶ್ ಕೇಳಿದ.

ದಂಡೆಯ ಮೇಲೆ ಬಲೆ ಕೊಡವುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಅವನ ಹೆಂಡತಿ ಚಂದನಾ ಅವನ ತೋಳನ್ನು ಬಲವಾಗಿ ಚಿವುಟಿದಳು.

ಕಾನಹೊಸಹಳ್ಳಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮನುಷ್ಯ ಅವನು. ಬಾಯಿ ಸ್ವಲ್ಪ ಜೋರು. ಮದುವೆಯಾದ ಹೊಸತರಲ್ಲಿ ಅಂಡಮಾನಿಗೆ ಕರೆದೊಯ್ದು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಸುತ್ತಿಸುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ರಜೆ ಸಿಗಲಿಲ್ಲ. ಅಂಡಮಾನ್ ಯಾಕೆ ಬೇಕು, ಹಗರಿಬೊಮ್ಮನಹಳ್ಳಿ ಪಕ್ಕದಲ್ಲೇ ಸಮುದ್ರವಿದೆಯಲ್ಲ ಎಂದು ತುಂಗಭದ್ರೆಯ ಹಿನ್ನೀರಿಗೆ ಕರೆತಂದ. ಮೂರು ದಿನ, ಐದು ನಡುಗಡ್ಡೆ, ಒಂದು ಡೇರೆ, ಒಂದು ಮೋಟಾರು ದೋಣಿ. ಗಂಡಸರ ಮಾತೇ ಹೀಗೆ, ಆನೆ ತರುತ್ತೇನೆಂದು ಹೋಗಿ ಆಡು ಹಿಡಿದು ಬರುತ್ತಾರೆ! ಆದರೆ ಚಂದನಾ ಆಡಿಗೂ ಖುಷಿಪಡುವ ಹುಡುಗಿ. ಆರು ತಿಂಗಳ ಹಿಂದೆ ತಾಳಿ ಕಟ್ಟಿದ ಈ ಬಾಯಿಬಡುಕನನ್ನು ಅವಳು ಬಹಳ ಪ್ರೀತಿಸುತ್ತಿದ್ದಳು. ಅವನಿಗಂತೂ ಅವಳನ್ನು ಬಿಟ್ಟರೆ ಲೋಕವೇ ಇರಲಿಲ್ಲ.

ಗಾದೆಮ್ಮ ಅಲ್ಲಿಗೇ ಬಿಡಲಿಲ್ಲ. "ಕುರಿಗೆ ಸುತ್ತು ಬ್ಯಾನಿ ಬಂದಾಗ ಹಿಂದಿನೋರು ಮಾರೀನ ಮರದ ಗೊಂಬ್ಯಾಗ ಕೂಡಿಸಿ, ಮೊರದಾಗಿಟ್ಟು, ಗಡಿ ದಾಟಿಸಿ ಪಕ್ಕದೂರಿಗೆ ಬಿಡತಿದ್ರು. ಪಕ್ಕದೂರೋರು ಅದರ ಮುಂದಿನೂರಿಗೆ. ಆ ಹೊರಿ ಬಂದ ಹಾದೀಲಿ ಹಿಂದಕ್ಕ ಹೋಗಂಗಿಲ್ಲ. ಒಂದೊಂದು ಗಡಿಗೆ ಒಂದೊಂದು ತಲಿ ಕೇಳತೈತಿ. ಕುರಿ ಕಡಿದ್ರ ಕುರಿ, ಇಲ್ಲಂದ್ರ ಮನಿಷ್ಯಾ. ಯಾವನೋ ಹಾಳಾದವ ಹಂಗ ಮಾಟ ಕಟ್ಟ್ಯಾನ. ಈಗ ಮೂರನೇ ಗಡ್ಡಿ ಆಗಿರೋ ಗುಡ್ಡದೂರಿಗೆ ಬಂದಾಗ ಮುಂದಿನೂರು ನೀರಾಗ ಮುಳುಗಿತ್ತು. ಕೊಡಾಕ ಊರೇ ಇಲ್ಲ. ಅಲ್ಲೇ ಕುಂತೈತಿ."

"ಅವ್ವಾ, ಸಾಕು ಸುಮ್ನಿರು. ಬಂದೋರ್ನ ಹೆದರಿಸಬ್ಯಾಡ," ಎಂದ ದೋಣಿಯ ಹುಲುಗಣ್ಣ. ಅವಳ ಒಬ್ಬನೇ ಮಗ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು.

"ನಮ್ಮಪ್ಪನೂ ಇಂಥವು ನೂರು ಹೇಳ್ಯಾನ. ಸುತ್ತು ಬ್ಯಾನಿ ಅಂದ್ರ ಮೆದುಳಿನಾಗ ಹುಳ. ಪುಸ್ತಕದಾಗ ಐತಿ, ಬೇಕಾದ್ರ ತಂದು ತೋರಸ್ತೀನಿ," ಎಂದು ಮೈಲಾರೇಶ್ ದೋಣಿ ಹತ್ತಿದ.

ಮೊದಲ ದಿನ ನಿಜವಾಗಿಯೂ ಸ್ವರ್ಗ. ಹಿನ್ನೀರು ಹೊಳೆಯುತ್ತಿತ್ತು, ಬೆಳ್ಳಕ್ಕಿಗಳು ಕರಿಜಾಲಿಯ ಮೇಲೆ ಸಾಲಾಗಿ ಕುಳಿತಿದ್ದವು, ಹುಲುಗಣ್ಣ ಹಿಡಿದ ಮೀನನ್ನು ಖಾರ ಹಚ್ಚಿ ಸುಟ್ಟುಕೊಟ್ಟ. ತನಗೂ ಬರುವ ವರ್ಷ ಮದುವೆ, ಹುಡುಗಿ ಹಿರೇಹಡಗಲಿಯವಳು ಎಂದು ಹೇಳಿ ಮತ್ತೆ ಕಿವಿ ಕೆಂಪು ಮಾಡಿಕೊಂಡ. ಚಂದನಾ ಅವನನ್ನು ಸಂಜೆಯವರೆಗೂ ಕಾಡಿಸಿದಳು.

ಎರಡನೇ ದಿನ ಬೆಳಿಗ್ಗೆ ಮೂರನೇ ನಡುಗಡ್ಡೆ ಎದುರಾಯಿತು. ಬೋಳುಗುಡ್ಡ. ಹುಲುಗಣ್ಣ ದೋಣಿಯನ್ನು ದೂರದಿಂದ ತಿರುಗಿಸುವವನಿದ್ದ. ಮೈಲಾರೇಶ್ ಬಿಡಲಿಲ್ಲ. ಬರೀ ಹತ್ತು ನಿಮಿಷ, ಒಂದು ಫೋಟೋ ಎಂದ. ಹುಲುಗಣ್ಣ ದೋಣಿಯಿಂದ ಇಳಿಯಲೇ ಇಲ್ಲ, ಗುಡ್ಡಕ್ಕೆ ಬೆನ್ನು ಮಾಡಿ ಕುಳಿತ.

ಮೇಲೆ ಹಕ್ಕಿಯ ಸದ್ದಿರಲಿಲ್ಲ. ಸುಟ್ಟ ಉಣ್ಣೆಯ ವಾಸನೆ ಇತ್ತು, ಅದರ ಕೆಳಗೆ ಹಳಸಿದ ರಕ್ತದ ವಾಸನೆ. ಕುಸಿದ ಗೋಡೆಗಳ ನಡುವೆ ಒಂದು ಚಪ್ಪಡಿ, ಚಪ್ಪಡಿಯ ಅಡಿಯಲ್ಲಿ ಗವಿಯಂಥ ಕತ್ತಲು. ಮೈಲಾರೇಶ್ ಮೊಬೈಲಿನ ಬೆಳಕು ಬಿಟ್ಟ. ಗೆದ್ದಲು ಹಿಡಿದು ಪುಡಿಯಾದ ಮೊರ, ಒಡೆದ ಹಸಿರು ಬಳೆಗಳು, ನಡುವೆ ಗೇಣುದ್ದದ ಮರದ ಹೆಣ್ಣು. ಮೊರವನ್ನೆಲ್ಲ ತಿಂದಿದ್ದ ಗೆದ್ದಲು ಅದರ ಒಂದು ಚೂರನ್ನೂ ಮುಟ್ಟಿರಲಿಲ್ಲ.

"ಬ್ಯಾಡ್ರಿ," ಎಂದಳು ಚಂದನಾ. "ಆ ಅಜ್ಜಿ ಮುಟ್ಟಬ್ಯಾಡ್ರಿ ಅಂದಾಳ."

"ಕ್ಲಾಸಿನ ಮೇಜಿನ ಮ್ಯಾಲ ಇಡ್ತೀನಿ. ಮೂಢನಂಬಿಕಿ ಬಗ್ಗೆ ಪಾಠ ಮಾಡಾಕ ಇದಕ್ಕಿಂತ ಬೇಕೇನು?" ಎಂದು ಅವನು ಅದನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ. ಹುಲುಗಣ್ಣನಿಗೆ ಹೇಳಲಿಲ್ಲ. ಪಾಪ, ಸುಮ್ಮನೆ ಹೆದರುತ್ತಾನೆ ಎಂದುಕೊಂಡ. ಓದಿದವನ ಈ ಒಂದು ಕರುಣೆ ಆ ಹುಡುಗನ ಜೀವ ತಿಂದಿತು. ಗೊತ್ತಿದ್ದರೆ ಹುಲುಗಣ್ಣ ಎಂದೂ ಅದನ್ನು ನೀರು ದಾಟಿಸುತ್ತಿರಲಿಲ್ಲ.

ನಾಲ್ಕನೇ ನಡುಗಡ್ಡೆಗೆ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಹುಲುಗಣ್ಣ ಹಗ್ಗ ಹಿಡಿದು ಇಳಿದ, ಬಂಡೆಗೆ ಕಟ್ಟಲು ಹೋದ, ಕಟ್ಟಲಿಲ್ಲ. ಬಂಡೆಯ ಸುತ್ತ ನಡೆಯತೊಡಗಿದ. ಎಡಕ್ಕೆ. ಒಂದು ಸುತ್ತು. ಎರಡು. ಕತ್ತು ಎಡ ಭುಜದ ಮೇಲೆ ವಾಲಿತ್ತು.

ಚಂದನಾ ನಕ್ಕಳು. "ಏನಣ್ಣ, ಹಿರೇಹಡಗಲಿಯಾಕಿ ನೆನಪಾದ್ಲೇನು?"

ಮೈಲಾರೇಶ್ ನಗಲಿಲ್ಲ. ಆ ಕತ್ತನ್ನು ಅವನು ಬಲ್ಲ. ಚಿಕ್ಕಂದಿನಲ್ಲಿ ಹಟ್ಟಿಯಲ್ಲಿ ಕುರಿಗಳು ಹೀಗೇ ವಾಲಿಕೊಂಡು ಸುತ್ತುವುದನ್ನು, ಕೊನೆಗೆ ಗೋಡೆಗೆ ತಲೆ ಹಾಯುವುದನ್ನು ನೋಡಿ ಬೆಳೆದವನು ಅವನು.

"ಹುಲುಗಣ್ಣಾ!"

ಹುಲುಗಣ್ಣ ಬಾಯಿ ತೆರೆದ. ಬಂದದ್ದು ಕುರಿಯ ಕೂಗು. ತಲೆ ತಗ್ಗಿಸಿದ. ಓಡಿದ. ಹಣೆ ಬಂಡೆಗೆ ಬಡಿಯಿತು. ಹಿಂದೆ ಸರಿದ. ಮತ್ತೆ ಓಡಿದ. ಮೈಲಾರೇಶ್ ಹಾರಿ ಅವನ ಸೊಂಟ ಹಿಡಿದುಕೊಂಡ. ಹುಲುಗಣ್ಣ ಒಮ್ಮೆ ಮೈ ಕೊಡವಿದ, ಮೈಲಾರೇಶ್ ಮಾರು ದೂರ ಹೋಗಿ ಬಿದ್ದ. ಮೂರನೇ ಸಲ ಹಣೆಯ ಚರ್ಮ ಹರಿದು ಕಣ್ಣಿನ ಮೇಲೆ ಜೋತುಬಿತ್ತು. ನಾಲ್ಕನೇ ಸಲ ಒಳಗೆ ಏನೋ ಒಡೆದ ಸದ್ದು. ಐದು. ಆರು. ಬಂಡೆಯೆಲ್ಲ ಕೆಂಪು. ಏಳನೆಯದಕ್ಕೆ ಅವನು ಅಲ್ಲೇ ಮಂಡಿಯೂರಿ, ಬಂಡೆಗೆ ಹಣೆ ಹಚ್ಚಿಕೊಂಡು, ಸತ್ತ.

ಚಂದನಾಳ ಕಿರುಚಾಟ ನೀರಿನ ಮೇಲೆ ಹೋಗಿ ಹೋಗಿ ಕರಗಿತು.

ಹೆಣವನ್ನು ದೋಣಿಗೆ ಎಳೆದು ಹಾಕಿಕೊಂಡು ಮೈಲಾರೇಶ್ ಮೋಟಾರು ಶುರು ಮಾಡಿದ. ಚೀಲದಿಂದ ಸುಟ್ಟ ಉಣ್ಣೆಯ ವಾಸನೆ ಏಳುತ್ತಿತ್ತು. "ಬಿಸಾಕ್ರಿ ಅದನ್ನ!" ಎಂದು ಚಂದನಾ ಚೀರಿದಳು. ಅವನು ಗೊಂಬೆಯನ್ನು ತೆಗೆದು ದೂರಕ್ಕೆ ಎಸೆದ. ಒಣಮರ. ಆದರೂ ಕಲ್ಲಿನ ಹಾಗೆ ಮುಳುಗಿತು. ಇಬ್ಬರೂ ಉಸಿರು ಬಿಟ್ಟರು. ಇಳಿಹೊತ್ತಿಗೆ ದಂಡೆ ಹತ್ತಿರವಾಗುತ್ತಿದ್ದ ಹಾಗೆ ಚೀಲದಿಂದ ನೀರು ತೊಟ್ಟಿಕ್ಕತೊಡಗಿತು. ಅವನು ಒಳಗೆ ಕೈ ಹಾಕಿದ. ಟವೆಲಿನ ನಡುವೆ ಗೊಂಬೆ ಇತ್ತು. ಒದ್ದೆಯಾಗಿತ್ತು. ಬೆಚ್ಚಗಿತ್ತು.

ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು. ಒಂದೊಂದು ಗಡಿಗೆ ಒಂದೊಂದು ತಲೆ. ಈಗ ಇನ್ನೊಂದು ಗಡಿ ಬರುತ್ತಿದೆ. ದೋಣಿಯಲ್ಲಿ ಬದುಕಿರುವ ತಲೆಗಳು ಎರಡು. ಅವನ ಕಣ್ಣು ಹೆಂಡತಿಯ ಕತ್ತನ್ನು ಬಿಟ್ಟು ಕದಲಲಿಲ್ಲ. ಅದು ನೆಟ್ಟಗಿದೆಯೇ? ನೆಟ್ಟಗಿದೆ. ಈಗ?

ದಂಡೆಯಲ್ಲಿ ಗಾದೆಮ್ಮ ನಿಂತಿದ್ದಳು. ದೋಣಿಯೊಳಗೆ ಇಣುಕಿದಳು. ಮಗನ ಮುಖವಿದ್ದ ಜಾಗವನ್ನು ನೋಡಿದಳು. ಅಳಲಿಲ್ಲ. ಬಲೆ ಕೊಡವುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದು ಊರ ಕಡೆ ಓಡಿದರು.

"ಯಾರು ಎತ್ತಿದ್ದು?"

ಮೈಲಾರೇಶ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಚಂದನಾ, "ರೀ, ನನ್ನ ಕತ್ತು ಯಾಕೋ ಹಿಡಕಂಡೈತಿ," ಎಂದಳು.

ಆಮೇಲೆ ಅವನು ಮಾಡಿದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಮಗನನ್ನು ಕಳೆದುಕೊಂಡು ಇನ್ನೂ ಕಣ್ಣೀರು ಬಾರದೆ ನಿಂತಿದ್ದ ಆ ಮುದುಕಿಯ ಎರಡೂ ಕೈ ಹಿಡಿದು, ಬೆರಳು ಬಿಡಿಸಿ, ಗೊಂಬೆಯನ್ನು ಅದರಲ್ಲಿಟ್ಟು ಮುಚ್ಚಿಬಿಟ್ಟ. "ತಪ್ಪಾತು, ನಂದೇ ತಪ್ಪು. ನಿಮಗ ವಯಸ್ಸಾಗೈತಿ. ಆಕೀಗೆ ಇನ್ನೂ ಇಪ್ಪತ್ಮೂರು," ಎಂದ. ಹಾಗೇ ಅಂದ!

ಚಂದನಾಳ ಕತ್ತು ತಟ್ಟನೆ ಸಡಿಲವಾಯಿತು. "ಹಗುರಾತು ನೋಡ್ರಿ," ಎಂದು ದೋಣಿಯ ಅಂಚಿನಲ್ಲಿ ಕುಸಿದು ಕುಳಿತಳು. ಮೈಲಾರೇಶ್ ಅಳುತ್ತ ನಕ್ಕ.

ಗಾದೆಮ್ಮ ಕೈಯಲ್ಲಿದ್ದುದನ್ನು ನೋಡಿದಳು. ಅವಳ ತಲೆ ನಿಧಾನವಾಗಿ ಎಡಕ್ಕೆ ವಾಲತೊಡಗಿತ್ತು. "ನಿನಗ ತಿರುಗಿ ಕೊಡಾಕ ಬರಂಗಿಲ್ಲ," ಎಂದಳು, ಬಹಳ ಮೆತ್ತಗೆ. "ಬಂದ ಹಾದೀಲಿ ಹೋಗಂಗಿಲ್ಲ ಅದು." ಎರಡು ಹೆಜ್ಜೆ ಇಟ್ಟು, ಮಡಿಲಕ್ಕಿ ಹಾಕುವವಳಂತೆ ಬಗ್ಗಿ, ಗೊಂಬೆಯನ್ನು ಚಂದನಾಳ ಮಡಿಲಿಗೆ ಹಾಕಿದಳು. "ನಂದೂ ಒಂದೇ ಇತ್ತಪ್ಪಾ."

ಚಂದನಾ ಎದ್ದು ದಂಡೆಗಿಳಿದಳು, ಗೊಂಬೆ ಮಡಿಲಿನಿಂದ ಮರಳಿಗೆ ಉರುಳಿತು. ಕಣ್ಣಿನಲ್ಲಿ ಅವಳಿರಲಿಲ್ಲ.

ಮೈಲಾರೇಶ್ ಗೊಂಬೆಗೆ ಕೈ ಹಾಕಿದ. ಬೆರಳುಗಳು ಸುಟ್ಟು ಹಿಂದೆ ಬಂದವು. ಮತ್ತೆ ಹಾಕಿದ. ಚರ್ಮ ಸುಲಿಯಿತು. ಒಮ್ಮೆ ದಾಟಿಸಿದವನ ಕೈಗೆ ಅದು ಬರಲಿಲ್ಲ. ಯಾರಾದರೂ ತೆಗೆದುಕೊಳ್ಳಿರೋ ಎಂದು ಊರ ಕಡೆ ಕೂಗಿದ. ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು.

ಅವಳು ಸುತ್ತತೊಡಗಿದಳು. ದಂಡೆಯ ತುಂಬ ಕಲ್ಲು. ದೋಣಿ ಕಟ್ಟುವ ಕಲ್ಲುಕಂಬ. ಅವಳ ಮುಖ ಆ ಕಂಬದ ಕಡೆ ತಿರುಗಿತು.

"ಹಗ್ಗ! ಹಗ್ಗ ಕೊಡ್ರಿ!"

"ಕಟ್ಟಿದ್ರ ನಾಲಿಗಿ ಕಡಕೊಂಡು ಸಾಯ್ತಾಳ," ಎಂದಳು ಗಾದೆಮ್ಮ. ದೋಣಿ ಹತ್ತಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ಹೊತ್ತು ಮುಳುಗೋತನ ಕಲ್ಲಿಗೆ ಹಾಯದಿದ್ರ ಉಳೀತಾಳ. ಉಳಿದದ್ದನ್ನ ನಾನಂತೂ ಕಂಡಿಲ್ಲ."

ಹೊತ್ತು ಮುಳುಗಲು ಇನ್ನೂ ಎರಡು ಮಾರು ಇತ್ತು.

ಚಂದನಾ ತಲೆ ತಗ್ಗಿಸಿದಳು. ಓಡಿದಳು. ಮೈಲಾರೇಶ್ ಅವಳಿಗಿಂತ ಮುಂಚೆ ಓಡಿದ. ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಅವಳ ಹಣೆ ಅವನ ಎದೆಗೆ ಬಡಿಯಿತು.

ಉಸಿರು ಹೋಯಿತು. ಮತ್ತೆ ಬಂತು. ಅವಳು ಹಿಂದೆ ಸರಿದಳು. ಮತ್ತೆ ಬಂದಳು. ಒಂದು ಎಲುಬು ಲಟ್ಟೆಂದಿತು. ಅವನು ಅವಳನ್ನು ಎರಡೂ ಕೈಯಿಂದ ತಬ್ಬಿದ. ಅವಳು ಒದ್ದಳು, ಕಚ್ಚಿದಳು, ಭುಜದ ಮಾಂಸ ಹರಿದಳು. ಅವನು ಬಿಡಲಿಲ್ಲ. ಅವಳು ಬಂಡೆಯತ್ತ ತಿರುಗಿದರೆ ಬಂಡೆಗೂ ಅವಳಿಗೂ ನಡುವೆ ಅವನು. ದೋಣಿಯತ್ತ ತಿರುಗಿದರೆ ದೋಣಿಗೂ ಅವಳಿಗೂ ನಡುವೆ ಅವನು. ಎರಡನೇ ಎಲುಬು. ಮೂರನೆಯದು. ಬಾಯಿಗೆ ರಕ್ತ ಬಂತು, ನುಂಗಿದ. "ಹಾಯಿ, ನಮ್ಮವ್ವಾ, ಇಲ್ಲೇ ಹಾಯಿ," ಎಂದ. "ಮೆತ್ತಗೈತಿ ಇಲ್ಲಿ." ಅವಳು ಹಾಯ್ದಳು. ಮತ್ತೆ. ಮತ್ತೆ. ಅವನ ಕಾಲು ಸೋತವು. ಕುಸಿದ. ಕುಸಿದವನು ಅವಳನ್ನೂ ತಬ್ಬಿಕೊಂಡೇ ಕುಸಿದ. ನೀರಿನ ಮೇಲಿನ ಬೆಳಕು ಕೆಂಪಾಯಿತು. ಕಂದಿತು. ಅವಳ ತಲೆ ಎದ್ದು ಬಿತ್ತು. ಎದ್ದು ಬಿತ್ತು. ಆಮೇಲೆ ಏಳಲಿಲ್ಲ.

ಹೊತ್ತು ಮುಳುಗಿತ್ತು.

ಗಾದೆಮ್ಮ ದೋಣಿಯ ಬುಡ್ಡಿದೀಪ ಹಚ್ಚಿಕೊಂಡು ಹತ್ತಿರ ಬಂದಳು. ಗೊಂಬೆ ಮರಳಿನ ಮೇಲೆ ಎರಡಾಗಿ ಸೀಳಿ ಬಿದ್ದಿತ್ತು. ಚಂದನಾಳ ಹಣೆಯ ಮೇಲೆ ಗೀರು ಕೂಡ ಇರಲಿಲ್ಲ. ಗಂಡನ ಎದೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಅವಳು ಕಣ್ಣು ತೆರೆದು, ಬೆಳಕಿಗೆ ಕಣ್ಣು ಕಿರಿದು ಮಾಡಿ, ತನ್ನ ಬೆನ್ನ ಸುತ್ತ ಇನ್ನೂ ಬಿಗಿಯಾಗಿದ್ದ ಅವನ ತೋಳನ್ನು ಮುಟ್ಟಿ ನೋಡಿಕೊಂಡಳು. ನಿದ್ದೆಯಿಂದೆದ್ದ ಮಗುವಿನ ಹಾಗೆ ಕಿವಿಯನ್ನು ಎದೆಗೆ ಒತ್ತಿದಳು. ಒತ್ತಿಕೊಂಡೇ ಇದ್ದಳು.

"ಅಮ್ಮಾ," ಎಂದಳು ಗಾದೆಮ್ಮನಿಗೆ, "ಇವರ ಎದಿಯಾಗ ಸದ್ದಿಲ್ಲಲ್ಲ. ಯಾಕ?"

ಗಾದೆಮ್ಮ ಬುಡ್ಡಿಯನ್ನು ಮರಳಿನ ಮೇಲಿಟ್ಟಳು. ಮಗನ ಹೆಣ ಕಂಡಾಗಲೂ ಬಾರದಿದ್ದ ಅಳು ಆಗ ಬಂತು.